ಒಂದೇ ಹೆಜ್ಜೆಯ ಒಳಗೆ

ಮುಂಬಯಿಯ ಮಾಟುಂಗದ ಬಳಿ ಬಸ್ಸು ಗಕ್ಕನೆ ನಿಂತಾಗ ಪಕ್ಕದಲ್ಲಿದ್ದ ಕಾಲೇಜು ಹುಡುಗ ಒಂದೇ ಹೆಜ್ಜೆ ಮುಂದಿಟ್ಟು ಸಾವರಿಸಿಕೊಂಡ. ನಮ್ಮ ಮಾವನವರು ಮಾತ್ರ ಮೂರು ನಾಲ್ಕು ಪುಟ್ಟ ಹೆಜ್ಜೆಗಳಲ್ಲಿ ತಡವರಿಸಿ ಕಂಬಿ ಹಿಡಿದರು. ಮುಂದಕ್ಕೆ ಬಾಗಿ ನಿಂತವರನ್ನು ಹಿಡಿದಿಟ್ಟ ಹಗ್ಗವನ್ನು ಥಟ್ಟನೆ ಬಿಟ್ಟು ನೋಡುವ ಪರೀಕ್ಷೆಗಳಲ್ಲಿಯೂ ಕಾಣುವುದು ಇದೇ. ಮೊದಲ ಹೆಜ್ಜೆ ಗಿಡ್ಡದಾಗಿ, ವಾಲಿದ ಮೈಭಾರವನ್ನು ಅದು ತಡೆಯದೆ ಹೋದರೆ ಎರಡನೆಯದು ಅನಿವಾರ್ಯವಾಗುತ್ತದೆ, ಮತ್ತು ಹೀಗೆ ಹಲವು ಹೆಜ್ಜೆ ಬೇಕಾಗುವ ಹಿರಿಯರಲ್ಲಿ ಬೀಳುವ ಅಪಾಯ ಹೆಚ್ಚು.

ಔಷಧ ತಯಾರಿಕೆಯಲ್ಲಿ ದುಡಿಯುವ ನನಗೆ ಆಗ ನೆನಪಾದದ್ದು ಟ್ರೋಪಿನೋನ್, ಅಂದರೆ ಅಟ್ರೋಪಿನ್ ಎಂಬ ಔಷಧದ ತಯಾರಿಕೆಗೆ ಬೇಕಾಗುವ ಒಂದು ರಾಸಾಯನಿಕ. 1901ರಲ್ಲಿ ಜರ್ಮನ್ ರಸಾಯನವಿಜ್ಞಾನಿ ವಿಲ್‌ಸ್ಟೇಟರ್ ಅದನ್ನು ಹತ್ತಕ್ಕೂ ಹೆಚ್ಚು ಹಂತಗಳಲ್ಲಿ ತಯಾರಿಸಿದಾಗ ಕೊನೆಗೆ ಉಳಿದ ಇಳುವರಿ ಶೇ. 1ಕ್ಕಿಂತ ಕಡಿಮೆ. ಪ್ರತಿ ಹಂತವೂ ತನ್ನ ಸುಂಕ ಕೇಳುತ್ತದೆ: ಹಂತಕ್ಕೆ ಶೇ. 90 ದಕ್ಕಿದರೂ ಆರು ಹಂತ ಮುಗಿಯುವಾಗ ಕೈಗೆ ಸಿಗುವುದು ಸುಮಾರು ಶೇ. 53. ಇಂಗ್ಲೆಂಡಿನ ರಸಾಯನವಿಜ್ಞಾನಿ ರಾಬರ್ಟ್ ರಾಬಿನ್ಸನ್ 1917ರಲ್ಲಿ ಸಕ್ಸಿನ್‌ಡಯಾಲ್ಡಿಹೈಡ್, ಮೀಥೈಲಮೀನ್ ಮತ್ತು ಅಸಿಟೋನ್‌ಡೈಕಾರ್ಬಾಕ್ಸಿಲಿಕ್ ಆಮ್ಲದ ಲವಣವನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿ ಅದನ್ನೇ ಪಡೆದರು.

ಆದರೆ ಆ ಪಾತ್ರೆಯೊಳಗೆ ಮೂರು ಬಗೆಯ ಅಣುಗಳನ್ನು ಬೆಸೆಯುವ ಮ್ಯಾನಿಕ್ ಕ್ರಿಯೆ ಎರಡು ಸಲ ನಡೆದು, ಇಂಗಾಲದ ಡೈಆಕ್ಸೈಡ್ ಎರಡು ಬಾರಿ ಹೊರಬೀಳುತ್ತದೆ. ಹೊರಗಿನವರ ಲೆಕ್ಕಕ್ಕಷ್ಟೇ ಅದು ಒಂದು ಹಂತ. ಹುಡುಗನ ಹೆಜ್ಜೆಯೂ ಅಂಥದ್ದೇ ಎನ್ನಿಸುತ್ತದೆ: ಸೊಂಟ, ಮಂಡಿ, ಹರಡು, ಬೆನ್ನು ಎಲ್ಲವೂ ಅರೆಕ್ಷಣದಲ್ಲಿ ಹೊಂದಿಕೊಳ್ಳಬೇಕು. ಸುರಕ್ಷಾ ಪಟ್ಟಿ ತೊಡಿಸಿ, ಬೇಕೆಂದೇ ಸಮತೋಲ ತಪ್ಪಿಸಿ ಕೊಡುವ ತರಬೇತಿಯಿಂದ ಹಿರಿಯರಲ್ಲಿಯೂ ಈ ಹೊಂದಾಣಿಕೆ ಸುಧಾರಿಸುತ್ತದೆ.