ಎಂಬಿಎಯಲ್ಲಿ ಯಾವ ಕ್ಲಬ್ ಸೇರಲಿ ಎಂದು ಕೇಳುವವರಿಗೆ

ಎಂಬಿಎಗೆ ಸೀಟು ಸಿಕ್ಕ ವಾರದಲ್ಲೇ ನನಗೆ ಮೆಸೇಜ್ ಬರುತ್ತದೆ. ಪರಿಚಯದವರಿಂದ, ಪರಿಚಯದವರ ಪರಿಚಯದವರಿಂದ. ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ನಡೆಸುವ ಕ್ಲಬ್‌ಗಳ ಬಗ್ಗೆ. ಪ್ರಶ್ನೆ ಒಂದೇ: "ಅಲ್ಲಿ ಯಾವ ಯಾವ ಕ್ಲಬ್ ಸೇರಿದ್ರೆ ರೆಸ್ಯೂಮೆಗೆ ತೂಕ ಬರುತ್ತೆ?" ಮೊದಮೊದಲು ಕೂತು ಉದ್ದುದ್ದ ಉತ್ತರ ಬರೆಯುತ್ತಿದ್ದೆ. ಈಗ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ: ಒಂದು. ಮನಸ್ಸು ಕೇಳದಿದ್ದರೆ ಎರಡು. ಯಾವುದು ಅಂತ ನನ್ನನ್ನು ಕೇಳಬೇಡಿ. ರಾತ್ರಿ ಹತ್ತು ಗಂಟೆಗೆ ಮೂವತ್ತು ಕುರ್ಚಿ ಎತ್ತಿಡಬೇಕಾಗಿ ಬಂದರೂ ಯಾವ ಕ್ಲಬ್‌ಗಾಗಿ ಎತ್ತಿಡುತ್ತೀರೋ, ಅದು.

ಆ "ತೂಕ" ಅನ್ನೋ ಮಾತು ಕೇಳಿದರೆ ನನಗೆ ರೇಗುತ್ತದೆ. ಈಗ ನಾನು ಮೇಜಿನ ಈಚೆ ಬದಿಗೂ ಕೂರುತ್ತೇನೆ, ಸಂದರ್ಶನ ಮಾಡುತ್ತೇನೆ. ಫೈನಾನ್ಸ್ ಕ್ಲಬ್ ಸದಸ್ಯ, ಮಾರ್ಕೆಟಿಂಗ್ ಕ್ಲಬ್ ಸದಸ್ಯ, ಕನ್ಸಲ್ಟಿಂಗ್ ಕ್ಲಬ್ ಸದಸ್ಯ ಅಂತ ಸಾಲಾಗಿ ಬರೆದಿರುತ್ತಾರೆ. ಒಂದು ಸಾಲಿನ ಮೇಲೆ ಬೆರಳಿಟ್ಟು "ಇಲ್ಲಿ ನೀವು ಏನು ಮಾಡಿದ್ರಿ?" ಅಂತ ಕೇಳಿದರೆ ಎರಡನೇ ವಾಕ್ಯಕ್ಕೆ ಮಾತು ಮುಗಿಯುತ್ತದೆ. ಒಮ್ಮೆ ಒಬ್ಬ ಹುಡುಗ ಬಂದಿದ್ದ. ಅವನ ರೆಸ್ಯೂಮೆಯಲ್ಲಿ ಒಂದೇ ಸಾಲು: ಬ್ಯಾಡ್ಮಿಂಟನ್ ಕೋರ್ಟ್ ಹಂಚಿಕೆ. ಇರೋದು ಎರಡು ಕೋರ್ಟ್, ಆಡೋರು ಅರವತ್ತು ಜನ, ಎಲ್ಲರಿಗೂ ಸಂಜೆ ಆರು ಗಂಟೆಯೇ ಬೇಕು. ಜಗಳ ಆಗದ ಹಾಗೆ ಹೇಗೆ ಹಂಚಿದೆ, ಹೆಸರು ಬರೆಸಿ ಬಾರದವರನ್ನು ಏನು ಮಾಡಿದೆ ಅಂತ ಇಪ್ಪತ್ತು ನಿಮಿಷ ಹೇಳಿದ. ನಾನು ಬರೆದುಕೊಂಡು ಬಂದಿದ್ದ ಬೇರೆ ಪ್ರಶ್ನೆಗಳು ಹಾಗೇ ಉಳಿದವು. ಅವನನ್ನೇ ತೆಗೆದುಕೊಂಡೆವು.

ಇನ್ನು ಸಮಯದ ಲೆಕ್ಕ. ಎರಡು ವರ್ಷದ ಕೋರ್ಸ್ ಅಂದರೆ ಕ್ಲಬ್‌ಗೆ ಎರಡು ವರ್ಷ ಸಿಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಿಗೋದಿಲ್ಲ. ಅಕೌಂಟಿಂಗ್, ಸ್ಟ್ಯಾಟಿಸ್ಟಿಕ್ಸ್, ಫೈನಾನ್ಸ್ ಎಲ್ಲ ಮೊದಲ ಕೆಲವು ತಿಂಗಳಲ್ಲೇ ಮೈಮೇಲೆ ಬೀಳುತ್ತವೆ. ಅದೇ ಹೊತ್ತಿಗೆ ಇಂಟರ್ನ್‌ಶಿಪ್ ಸಂದರ್ಶನಗಳೂ ಶುರುವಾಗುತ್ತವೆ. ನಡುವೆ ಹತ್ತು ಹನ್ನೆರಡು ವಾರ ಇಂಟರ್ನ್‌ಶಿಪ್‌ಗೆ ಹೋಗುತ್ತದೆ. ಎರಡನೇ ವರ್ಷ ಅರ್ಧ ದಾಟುವಷ್ಟರಲ್ಲಿ ಜೂನಿಯರ್‌ಗಳಿಗೆ ಒಪ್ಪಿಸುವ ಮಾತು ಬಂದಿರುತ್ತದೆ. ನಿಜವಾಗಿ ಕೈಗೆ ಸಿಗೋದು ಒಂದು ವರ್ಷವೂ ಇಲ್ಲ. ಫ್ರಾನ್ಸ್‌ನ ಇನ್‌ಸಿಯಾಡ್‌ನಂಥ ಬಿಸಿನೆಸ್ ಸ್ಕೂಲ್‌ನಲ್ಲಿ ಇಡೀ ಎಂಬಿಎಯೇ 10 ತಿಂಗಳು! ಏಳು ಕ್ಲಬ್‌ಗೆ ಹೆಸರು ಕೊಟ್ಟವರು ಏಳು ವಾಟ್ಸಾಪ್ ಗ್ರೂಪ್‌ನಲ್ಲಿ ಇರುತ್ತಾರೆ, ಅಷ್ಟೇ.

ಇಷ್ಟು ಹೇಳಿದ ಮೇಲೂ ಒಬ್ಬರು ಬಿಡೋದಿಲ್ಲ. "ಜಾಸ್ತಿ ಕ್ಲಬ್ ಸೇರಿದ್ರೆ ಜಾಸ್ತಿ ಜನ ಪರಿಚಯ ಆಗ್ತಾರೆ ಅಲ್ವಾ? ಕೆಲಸ ಸಿಗೋದೇ ಪರಿಚಯದಿಂದ ಅಂತಾರಲ್ಲ?" ಸ್ವಲ್ಪ ಓದಿಕೊಂಡವರಾದರೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಹೆಸರನ್ನೂ ಎತ್ತುತ್ತಾರೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿ 1973ರಲ್ಲಿ ಒಂದು ಲೇಖನ ಬರೆದರು. ಆ ಪರಿಚಯದವರನ್ನು ಪದೇ ಪದೇ ನೋಡುತ್ತಿದ್ದೆವು ಅಂದವರು ಶೇ. 17ರಷ್ಟು. ಆಗೊಮ್ಮೆ ಈಗೊಮ್ಮೆ ಅಂದವರು ಶೇ. 56ರಷ್ಟು. ಅಪರೂಪಕ್ಕೆ ಅಂದವರು ಶೇ. 28ರಷ್ಟು. ಆದ್ದರಿಂದ ಮುಖ ಪರಿಚಯ ಸಾಕು ಅಂತ ನನ್ನನ್ನು ಕೇಳುವವರ ವಾದ. ಆದರೆ ಕೆಲಸದ ಸುದ್ದಿ ಕೊಟ್ಟ ಆ ಜನ ಎಂಥವರು ಅನ್ನೋದೂ ಅದೇ ಲೇಖನದಲ್ಲಿದೆ. ಹಳೆಯ ಕಾಲೇಜು ಗೆಳೆಯರು, ಹಿಂದೆ ಜೊತೆಗೆ ಕೆಲಸ ಮಾಡಿದವರು, ಹಳೆಯ ಮಾಲೀಕರು. ಅಂದರೆ ಈಗ ದೂರ ಆಗಿದ್ದರೂ ಒಂದು ಕಾಲಕ್ಕೆ ಹತ್ತಿರದಿಂದ ನೋಡಿದವರು. ನೀವು ಕುರ್ಚಿ ಎತ್ತಿಟ್ಟಿದ್ದನ್ನು ಕಂಡವರು ಐದು ವರ್ಷ ಬಿಟ್ಟು ನಿಮ್ಮ ಹೆಸರು ಹೇಳುತ್ತಾರೆ. ಗ್ರೂಪ್‌ನಲ್ಲಿ ನಿಮ್ಮ ನಂಬರ್ ಇದ್ದವರು ಯಾಕೆ ಹೇಳುತ್ತಾರೆ?

ಸ್ಪರ್ಧೆಗಳ ಬಗ್ಗೆಯೂ ಹೀಗೇ ಕೇಳುತ್ತಾರೆ, ಯಾವುದರ ಸರ್ಟಿಫಿಕೇಟಿಗೆ ಬೆಲೆ ಜಾಸ್ತಿ ಅಂತ. ಆಂಟನಿ ಟ್ಯಾನ್ ಮತ್ತು ಟ್ಯಾನ್ ಹೂಯಿ ಲಿಂಗ್ 2011ರಲ್ಲಿ ಹಾರ್ವರ್ಡ್‌ನಲ್ಲಿ ಓದುವಾಗ ಬಿಸಿನೆಸ್ ಪ್ಲಾನ್ ಸ್ಪರ್ಧೆಯಲ್ಲಿ ಎರಡನೆಯವರಾದರು. ಮರುವರ್ಷ ಮಲೇಷ್ಯಾದಲ್ಲಿ ಟ್ಯಾಕ್ಸಿ ಆ್ಯಪ್ ಶುರು ಮಾಡಿದರು. ಅದೇ ಇವತ್ತಿನ ಗ್ರ್ಯಾಬ್. ಅವರ ತಲೆಯಲ್ಲಿ ಇದ್ದದ್ದು ತಮ್ಮ ಊರಿನ ಟ್ಯಾಕ್ಸಿಯ ಕಷ್ಟ. ಸ್ಪರ್ಧೆ ಆಮೇಲೆ ಬಂತು.

ಕ್ಲಬ್ ಅಂದರೆ ಓದಿನ ಆಚೆಯ ಚಟುವಟಿಕೆ ಅಂತ ಹೇಳುವಾಗ ಬಳಸುವ ಇನ್ನೊಂದು ಪದವೂ ನನ್ನನ್ನು ಚುಚ್ಚುತ್ತದೆ: "ಎಕ್ಸ್‌ಟ್ರಾ." ಕ್ಲಾಸಿನಲ್ಲಿ ಕೇಸ್ ಓದುತ್ತೇವೆ, ಅಂದರೆ ಯಾವುದೋ ಕಂಪನಿ ಎದುರಿಸಿದ ಸಮಸ್ಯೆಯ ವಿವರ. ಯಾರೋ, ಯಾವಾಗಲೋ, ಯಾರದೋ ದುಡ್ಡಿನಲ್ಲಿ ಮಾಡಿದ ತೀರ್ಮಾನದ ಬಗ್ಗೆ ಒಂದೂವರೆ ಗಂಟೆ ವಾದ ಮಾಡಿ ಊಟಕ್ಕೆ ಹೋಗುತ್ತೇವೆ. ಕ್ಲಬ್‌ನಲ್ಲಿ ತೀರ್ಮಾನ ನಮ್ಮದೇ. ಜೊತೆಗಿರುವವರಿಗೆ ಸಂಬಳ ಕೊಡೋದಿಲ್ಲ. ಬಾರದಿದ್ದರೆ ಕೆಲಸದಿಂದ ತೆಗೆಯೋ ಹಾಗಿಲ್ಲ. ನಾಳೆ ಪರೀಕ್ಷೆ ಇದ್ದವರ ಕೈಲೂ ಇವತ್ತು ಕೆಲಸ ಮಾಡಿಸಬೇಕು. ಇದಕ್ಕಿಂತ ಕಷ್ಟದ ಮ್ಯಾನೇಜ್‌ಮೆಂಟ್ ಪಾಠ ನನಗೆ ಯಾವ ಕ್ಲಾಸಿನಲ್ಲೂ ಸಿಗಲಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. "ಹೋಗುವಾಗ ನಿಮ್ಮ ನಂತರ ಬಂದವರಿಗೆ ಏನು ಕೊಟ್ಟು ಹೋದ್ರಿ?"

ಎರಡನೇ ವರ್ಷ ನಾನು ಕ್ಲಬ್‌ನ ಕೇಸ್ ಸ್ಪರ್ಧೆಯ ಉಸ್ತುವಾರಿ. 14 ತಂಡ. ಹಿಂದಿನ ದಿನ ಬೆಳಿಗ್ಗೆ ಎಲ್ಲರಿಗೂ ಒಂದೇ ಕೇಸ್ ಕೊಟ್ಟಿದ್ದೆವು. 24 ಗಂಟೆ ಆದ ಮೇಲೆ ಸ್ಲೈಡ್ ಸಮೇತ ತೀರ್ಪುಗಾರರ ಮುಂದೆ ನಿಲ್ಲಬೇಕು. ಅಂಕ ಕೂಡಿಸೋಕೆ ಹಳೆಯ ತಂಡ ಮಾಡಿಟ್ಟ ಒಂದು ಎಕ್ಸೆಲ್ ಫೈಲ್ ಇತ್ತು. ಅದನ್ನು ತೆರೆದದ್ದು ಸ್ಪರ್ಧೆಯ ದಿನ ಬೆಳಿಗ್ಗೆಯೇ. ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಗೊತ್ತಿದ್ದ ಸೀನಿಯರ್ ಕೋರ್ಸ್ ಮುಗಿಸಿ ಹೋಗಿ ಎಷ್ಟೋ ತಿಂಗಳಾಗಿತ್ತು. ಫೋನ್ ಸ್ವಿಚ್ ಆಫ್. ಕೊನೆಗೆ ಕಾಗದದ ಮೇಲೆ ಅಂಕ ಬರೆಸಿಕೊಂಡು ಕೈಯಲ್ಲೇ ಕೂಡಿಸಿದೆವು. ಬಹುಮಾನ ಕೊಟ್ಟಾಯಿತು, ಫೋಟೋ ತೆಗೆದಾಯಿತು.

ರಾತ್ರಿ ಹನ್ನೊಂದೂವರೆಗೆ ಕಾಗದಗಳನ್ನೆಲ್ಲ ಫೈಲ್‌ಗೆ ಹಾಕುತ್ತಿದ್ದೆ. ಒಂದು ಹಾಳೆ ಕೈಯಲ್ಲೇ ನಿಂತಿತು. ಒಬ್ಬ ತೀರ್ಪುಗಾರರು 7 ಅನ್ನು ಒಂದೇ ಎಳೆಯಲ್ಲಿ ಬರೆಯುತ್ತಿದ್ದರು. ಮೇಲೆ ಚಿಕ್ಕ ಕೊಕ್ಕೆ, ಕೆಳಗೆ ನೇರ ಗೆರೆ. ಅವರು ಹಾಕಿದ್ದು 27. ನಾವು ಓದಿದ್ದು 21. ಆ ಆರು ಅಂಕ ಸೇರಿಸಿದರೆ ಮೂರನೇ ತಂಡ ಎರಡನೆಯದಾಗಬೇಕಿತ್ತು.

ಅಧ್ಯಕ್ಷನಿಗೆ ಫೋನ್ ಮಾಡಿದೆ. "ಈಗ ಯಾರಿಗೂ ಗೊತ್ತಿಲ್ಲ, ಬಿಡು" ಅಂದ. ಕೆಟ್ಟವನಲ್ಲ. ಸುಸ್ತಾಗಿದ್ದ. "ನನಗೆ ಗೊತ್ತಲ್ಲ ಮಾರಾಯ" ಅಂದೆ. ಎರಡು ನಿಮಿಷ ಸುಮ್ಮನಿದ್ದು, "ಬೆಳಿಗ್ಗೆ ಇಬ್ಬರೂ ಹೋಗೋಣ" ಅಂದ. ಹೋದೆವು. ಮೂರನೆಯವರು ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರ ತಂಡದ ಹುಡುಗಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಎಲ್ಲರ ಮುಂದೆ ಕರೆದಿದ್ರೆ ಅಮ್ಮಂಗೆ ಫೋಟೋ ಕಳಿಸ್ತಿದ್ದೆ" ಅಂದಳು. ಎರಡನೆಯ ಸ್ಥಾನ ಕಳೆದುಕೊಂಡ ತಂಡದವರಲ್ಲಿ ಇಬ್ಬರು ಕೋರ್ಸ್ ಮುಗಿಯುವ ತನಕ ನನ್ನ ಜೊತೆ ಮಾತಾಡಲಿಲ್ಲ. ಅವರ ಮೇಲೆ ನನಗೆ ಬೇಜಾರಿಲ್ಲ. ತಪ್ಪು ನಮ್ಮದೇ.

ಆಮೇಲೆ ಒಂದು ವಾರ ಕೂತು ಕ್ಲಬ್ ಒಪ್ಪಿಸುವ ಟಿಪ್ಪಣಿ ಬರೆದೆ. 11 ಪುಟ. ಪಾಸ್‌ವರ್ಡ್ ಎಲ್ಲಿದೆ, ಯಾವ ತೀರ್ಪುಗಾರರಿಗೆ ಎರಡು ದಿನ ಮೊದಲು ಫೋನ್ ಮಾಡಬೇಕು, ಪ್ರಾಯೋಜಕರ ದುಡ್ಡು ಬರೋಕೆ ಎಷ್ಟು ವಾರ ಹಿಡಿಯುತ್ತದೆ, ಅಂಕಗಳನ್ನು ಇಬ್ಬರು ಬೇರೆ ಬೇರೆ ಕೂತು ಕೂಡಿಸಬೇಕು, ಎಲ್ಲ. ಅಮೆರಿಕದ ಎಂಐಟಿಯ ಬಿಸಿನೆಸ್ ಸ್ಕೂಲ್ ಆದ ಸ್ಲೋನ್‌ನಲ್ಲಿ ಕ್ರೀಡಾ ಅನಾಲಿಟಿಕ್ಸ್ (ಆಟದ ಅಂಕಿಅಂಶಗಳ ವಿಶ್ಲೇಷಣೆ) ಸಮ್ಮೇಳನವನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ. 2007ರಿಂದ ನಡೆದುಕೊಂಡು ಬಂದಿದೆ. ನಡೆಸುವವರು ಎರಡು ವರ್ಷಕ್ಕೆ ಊರು ಬಿಡುತ್ತಾರೆ, ಆದರೂ ಸಮ್ಮೇಳನ ನಿಂತಿಲ್ಲ. ಅದರ ಸುದ್ದಿ ಓದಿದಾಗಲೆಲ್ಲ ವೇದಿಕೆ ಮೇಲಿರುವ ದೊಡ್ಡವರಿಗಿಂತ, ಹಿಂದಿನ ವರ್ಷದವರು ಬರೆದಿಟ್ಟ ಯಾವುದೋ ಟಿಪ್ಪಣಿಯೇ ನನ್ನ ಕಣ್ಣ ಮುಂದೆ ಬರುತ್ತದೆ.

"ನಿಮಗೆ ಕೆಲಸ ಸಿಕ್ಕಿದೆ, ಅದಕ್ಕೇ ಹೀಗೆಲ್ಲ ಹೇಳ್ತೀರ" ಅಂತ ಒಬ್ಬರು ನನಗೆ ಅಂದಿದ್ದರು. ಇರಬಹುದು. ಆದರೆ ಆ ಕೆಲಸದ ಸಂದರ್ಶನದಲ್ಲಿ ನಾನು ಹೇಳಿದ್ದು ಆ 27ರ ಕಥೆಯನ್ನೇ. ಗೆದ್ದ ಕಥೆ ಯಾವುದನ್ನೂ ಅವರು ಕೇಳಲಿಲ್ಲ.

ಮೂರು ವರ್ಷ ಆದ ಮೇಲೆ ಗೊತ್ತಿಲ್ಲದ ನಂಬರಿನಿಂದ ಒಂದು ಫೋಟೋ ಬಂತು. "ಅಕ್ಕಾ, ಟಿಪ್ಪಣಿಯ ಕೊನೇಲಿ ನಿಮ್ಮ ನಂಬರ್ ಇತ್ತು. ಇವತ್ತು ಸ್ಪರ್ಧೆ ಚೆನ್ನಾಗಾಯ್ತು" ಅಂತ ಕೆಳಗೆ ಬರೆದಿತ್ತು. ಫೋಟೋದಲ್ಲಿ ಇದ್ದದ್ದು ಅಂಕಪಟ್ಟಿಯ ಖಾಲಿ ಹಾಳೆ. ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು: "ದಯವಿಟ್ಟು 7ಕ್ಕೆ ನಡುವೆ ಅಡ್ಡಗೆರೆ ಎಳೆಯಿರಿ."