ಬಾಟಲಿಯ ಬೆಲೆ ಕಟ್ಟುವ ಕೆಲಸ

ಮೈಸೂರಿನಲ್ಲಿ ಹಳೆಯ ಸಾಮಾನು ಕೊಂಡು ಮಾರುವ ನಮ್ಮ ಅಂಗಡಿಗೆ ಗಾಜಿನ ಬಾಟಲಿಗಳು ಬರುವುದು ಹೆಚ್ಚಾಗಿ ಹಳೆಯ ಮನೆ ಕೆಡವಿ ಪಾಯ ತೋಡುವಾಗ, ಇಲ್ಲವೇ ಬತ್ತಿದ ಬಾವಿಯ ಹೂಳೆತ್ತುವಾಗ. ತಂದವರೆಲ್ಲ ಮೊದಲು ಕೇಳುವುದು ಅದರ ವಯಸ್ಸನ್ನು. ಆದರೆ ಬೆಲೆಗೂ ವಯಸ್ಸಿಗೂ ಇರುವ ನಂಟು ಅವರೆಣಿಸಿದಷ್ಟು ನೇರವಾದುದಲ್ಲ.

ನಾನು ಮೊದಲು ಬೆರಳಾಡಿಸುವುದು ಅಚ್ಚಿನ ಗೆರೆಯ ಮೇಲೆ, ಅಂದರೆ ಅಚ್ಚಿನ ಭಾಗಗಳು ಕೂಡುವಲ್ಲಿ ಗಾಜಿನ ಮೇಲೆ ಮೂಡುವ ಗೆರೆ. ಅಚ್ಚಿನಲ್ಲಿ ಊದಿ, ಬಾಯಿಯನ್ನು ಆಮೇಲೆ ಕೈಯಿಂದ ರೂಪಿಸಿದ ಬಾಟಲಿಯಲ್ಲಿ ಆ ಗೆರೆ ಕೊರಳಿನಲ್ಲೇ ಮಾಯವಾಗುತ್ತದೆ. 1903ರಲ್ಲಿ ಅಮೆರಿಕದ ಮೈಕಲ್ ಓವೆನ್ಸ್ ರೂಪಿಸಿದ ಸ್ವಯಂಚಾಲಿತ ಯಂತ್ರದ ಮಾದರಿಯಲ್ಲಿ ತಯಾರಾದವುಗಳಲ್ಲಿ ಅದು ಬಾಯಿಯ ಅಂಚಿನವರೆಗೂ ಏರುತ್ತದೆ. ಗೆರೆ ಕೊರಳಲ್ಲೇ ನಿಂತರೆ ಹಳೆಯದು ಎಂಬ ಈ ಪರೀಕ್ಷೆಯನ್ನೇ ನಮ್ಮಲ್ಲಿ ನಂಬಿ ಕೂರುವಂತಿಲ್ಲ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ಗೋಲಿ ಸೋಡಾ ಬಾಟಲಿಯನ್ನು ಭಾರತದ ಸಣ್ಣ ಕಾರ್ಖಾನೆಗಳು ಈಚಿನವರೆಗೂ ಬಹುಪಾಲು ಕೈಕೆಲಸದಿಂದಲೇ ತಯಾರಿಸಿರುವುದರಿಂದ, ಮಂಡ್ಯದ ಸೋಡಾ ಅಂಗಡಿಯ ಅಟ್ಟದಿಂದ ಇಳಿದು ಬಂದದ್ದು ನೋಟಕ್ಕೆ ಶತಮಾನದ್ದೆನಿಸಿದರೂ ಮಾಲೀಕನಿಗಿಂತ ಚಿಕ್ಕದಿರಬಹುದು. ಹಾಗಾಗಿ ತಳದ ಸವೆತ, ಗಾಜಿನೊಳಗಿನ ಗುಳ್ಳೆ, ಉಬ್ಬಚ್ಚಿನ ಅಕ್ಷರ ಮೂರನ್ನೂ ಕೂಡಿಸಿ ನೋಡುತ್ತೇನೆ. ಬೆಲೆ ಏರಿಸುವುದು ಮುಖ್ಯವಾಗಿ ಅಕ್ಷರವೇ: ಊರಿನ ಹೆಸರೂ ತಯಾರಕನ ಹೆಸರೂ ಸ್ಪಷ್ಟವಾಗಿದ್ದರೆ, ಅದಕ್ಕಿಂತ ಹಳೆಯದಾದರೂ ಬೋಳಾಗಿರುವ ಔಷಧದ ಸೀಸೆಯನ್ನು ಅದು ಸುಲಭವಾಗಿ ಹಿಂದಿಕ್ಕುತ್ತದೆ. ಬಾಯಿಯಂಚು ಚೂರು ಒಡೆದಿದ್ದರೂ ಸಂಗ್ರಾಹಕರು ಬೆಲೆ ಇಳಿಸುತ್ತಾರೆ, ಅವರೊಂದಿಗೆ ವಾದಿಸಿ ಫಲವಿಲ್ಲ.

ನೇರಳೆ ಬಣ್ಣದ ವಿಷಯದಲ್ಲಿ ನನಗೆ ಸಂಶಯ ಜಾಸ್ತಿ. ಗಾಜಿನ ಹಸಿರು ಛಾಯೆ ಕಳೆಯಲು ಮ್ಯಾಂಗನೀಸ್ ಬೆರೆಸುತ್ತಿದ್ದ ಕಾಲದ ಬಾಟಲಿ ಬಿಸಿಲಿನಲ್ಲಿದ್ದು ತಿಳಿನೇರಳೆಯಾಗುವುದು ಸಹಜ. ಆದರೆ ಇಂದು ವಿಕಿರಣದಿಂದ ಕೃತಕವಾಗಿ ಕಡುನೇರಳೆ ಮಾಡಿದವೂ ಮಾರಾಟವಾಗುತ್ತವೆ. ಮಣ್ಣಿನಲ್ಲಿ ಹೂತಿದ್ದ ಗಾಜಿನ ಮೇಲಿನ ಕಾಮನಬಿಲ್ಲಿನ ಹೊಳಪು ಕೊಳೆಯಲ್ಲ, ಕ್ಷಾರಾಂಶ ಕರಗಿ ಸವೆದ ಮೇಲ್ಪದರ. ಬೂದಿ ಹಾಕಿ ತಿಕ್ಕಿದರೆ ಅದು ಪದರಪದರವಾಗಿ ಏಳುತ್ತದೆ.

ಅಗೆಯುವವರಿಗೆ ಕಾನೂನಿನ ಮಾತನ್ನೂ ಹೇಳಲೇಬೇಕು. ಶ್ರೀರಂಗಪಟ್ಟಣದಲ್ಲಿರುವಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ ಅಗೆಯುವಂತಿಲ್ಲ, ಅವುಗಳ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದು ಸಿಕ್ಕ ಬೆಲೆಬಾಳುವ ವಸ್ತುವಿನ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ್ದು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ, ಎಲ್ಲಿ ಸಿಕ್ಕಿತೆಂದು ಬರೆದುಕೊಡದವರ ಬಾಟಲಿಯನ್ನು ನಾನು ಕೊಳ್ಳುವುದಿಲ್ಲ.