ಸಣ್ಣ ಬ್ಯಾಂಡ್ ಕಂಡರೆ ಸಾಕಾ?

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರು ಇಂಪೋರ್ಟ್ ಪ್ರಯೋಗದ (ಪ್ರೋಟೀನ್ ಮೈಟೋಕಾಂಡ್ರಿಯದ ಒಳಗೆ ಹೋಗುತ್ತದಾ ಅಂತ ನೋಡುವುದು) ಜೆಲ್, ಅಂದರೆ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ, ಸಣ್ಣವು ಕೆಳಗೆ ಬರುವ ಹಾಗೆ ಬ್ಯಾಂಡುಗಳಾಗಿ ತೋರಿಸುವ ಪದರ, ತೋರಿಸಿ ಹೇಳುವ ಮೊದಲ ಮಾತು ಹೆಚ್ಚಾಗಿ ಒಂದೇ: "ಬ್ಯಾಂಡ್ ಕೆಳಗಿಳಿದಿದೆ, ಪ್ರೋಟೀನ್ ಮೈಟೋಕಾಂಡ್ರಿಯದ ಒಳಗೆ ಹೋಗಿದೆ." ನಾನು ಮಾತ್ರ ಪ್ರೋಟಿಯೇಸ್ (ಪ್ರೋಟೀನನ್ನು ಕತ್ತರಿಸುವ ಕಿಣ್ವ) ಹಾಕಿದ ಲೇನ್ (ಜೆಲ್‌ನ ಒಂದು ಸಾಲು) ಎಲ್ಲಿದೆ ಅಂತ ಹುಡುಕುತ್ತೇನೆ.

ಅವರ ಖುಷಿ ಸುಮ್ನೆ ಅಲ್ಲ. ಮನುಷ್ಯರ ಮೈಟೋಕಾಂಡ್ರಿಯದಲ್ಲಿ ಸಾವಿರಕ್ಕೂ ಜಾಸ್ತಿ ಬಗೆಯ ಪ್ರೋಟೀನುಗಳಿವೆ. ಅದರದೇ ಡಿಎನ್‌ಎಯಿಂದ ಬರುವುದು 13 ಮಾತ್ರ. ಉಳಿದವು ಸೈಟೋಸಾಲಿನಲ್ಲಿ (ಮೈಟೋಕಾಂಡ್ರಿಯದ ಹೊರಗಿನ ಜೀವಕೋಶದ ದ್ರವ) ತಯಾರಾಗಿ ಒಳಗೆ ಬರಬೇಕು. ಮ್ಯಾಟ್ರಿಕ್ಸಿಗೆ (ಒಳಪೊರೆಯ ಒಳಗಿನ ಜಾಗ) ಹೋಗುವ ಬಹುಪಾಲು ಪ್ರೋಟೀನುಗಳ ತಲೆಯಲ್ಲಿ, ಅಂದರೆ ಮೊದಲ ತುದಿಯಲ್ಲಿ, ಪಾಸಿಟಿವ್ ಚಾರ್ಜ್ ಇರುವ ಪ್ರೀಸೀಕ್ವೆನ್ಸ್ ಎಂಬ ವಿಳಾಸದಂಥ ತುಣುಕು ಇರುತ್ತದೆ. ಅದು ಹೊರಪೊರೆಯ ಟಾಮ್40, ಒಳಪೊರೆಯ ಟಿಮ್23 ಎಂಬ ರಂಧ್ರಗಳನ್ನು ದಾಟಿ ಮ್ಯಾಟ್ರಿಕ್ಸ್ ಮುಟ್ಟಿದರೆ ಎಂಪಿಪಿ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಆಗ ಬ್ಯಾಂಡ್ ಕೆಳಗಿಳಿಯುತ್ತದೆ.

ಆದರೆ ಒಳಗೆ ತಲುಪಿದೆ ಅಂತ ಗೊತ್ತಾದದ್ದು ತಲೆ ಮಾತ್ರ ಅಲ್ವಾ? ಮಿಕ್ಕ ಭಾಗ ಎಲ್ಲಿದೆ? ಡಿಎಚ್‌ಎಫ್‌ಆರ್ ಎಂಬ ಕಿಣ್ವವನ್ನು ಬಾಲಕ್ಕೆ ಜೋಡಿಸಿದ ಪ್ರೋಟೀನಿಗೆ, ಆ ಕಿಣ್ವವನ್ನು ಬಿಗಿಯಾಗಿ ಹಿಡಿಯುವ ಮೆಥೋಟ್ರೆಕ್ಸೇಟ್ ಔಷಧಿ ಸೇರಿಸಿದರೆ ಡಿಎಚ್‌ಎಫ್‌ಆರ್ ಮಡಿಕೆ ಬಿಚ್ಚುವುದಿಲ್ಲ, ಬಿಚ್ಚದೆ ರಂಧ್ರದಲ್ಲಿ ತೂರುವುದಿಲ್ಲ. ಐಲರ್ಸ್ ಮತ್ತು ಶಾಟ್ಸ್ 1986ರಲ್ಲೇ ಇದನ್ನು ತೋರಿಸಿದ್ದಾರೆ. ಮುಂದಿನ ಭಾಗ ಸಾಕಷ್ಟು ಉದ್ದವಿದ್ದರೆ ತಲೆ ಒಳಗೆ ಹೋಗಿ ಕತ್ತರಿಸಿಕೊಳ್ಳುತ್ತದೆ, ಡಿಎಚ್‌ಎಫ್‌ಆರ್ ಹೊರಗೇ ಉಳಿಯುತ್ತದೆ. ಬಾಗಿಲಲ್ಲಿ ಸಿಕ್ಕಿಕೊಂಡ ಸೋಫಾ ಇದ್ದ ಹಾಗೆ. ಇನ್ನೊಂದು ತೊಂದರೆ: ಮೈಟೋಕಾಂಡ್ರಿಯ ಒಡೆದಿದ್ದರೆ ಎಂಪಿಪಿ ಸೋರಿ, ಒಳಗೇ ಹೋಗದ ಪ್ರೋಟೀನನ್ನೂ ಕತ್ತರಿಸಬಹುದು.

ಹಾಗಾಗಿ ಪ್ರೋಟಿನೇಸ್ ಕೆ ಎಂಬ ಪ್ರೋಟಿಯೇಸ್ ಬೇಕು. ಹೊರಗಿರುವುದನ್ನು ಅದು ತಿಂದುಹಾಕುತ್ತದೆ, ಪೊರೆಯ ಒಳಗಿರುವುದು ಉಳಿಯುತ್ತದೆ. ಪಕ್ಕದಲ್ಲೇ ಟ್ರೈಟಾನ್ ಎಂಬ ಡಿಟರ್ಜೆಂಟ್ ಹಾಕಿ ಪೊರೆ ಕರಗಿಸಿದ ಲೇನೂ ಇರಲಿ. ಅಲ್ಲೂ ಬ್ಯಾಂಡ್ ಉಳಿದರೆ ಆ ಪ್ರೋಟೀನೇ ಪ್ರೋಟಿಯೇಸಿಗೆ ಬಗ್ಗದ ಜಾತಿ, ಪೊರೆ ಕಾಪಾಡಿದ್ದಲ್ಲ. ಕೊನೆಯಲ್ಲಿ ಪ್ರೋಟಿಯೇಸನ್ನು ನಿಲ್ಲಿಸುವ ಪಿಎಂಎಸ್‌ಎಫ್ ಹಾಕಿಯೇ, ಜೆಲ್‌ಗೆ ಮುಂಚೆ ಪ್ರೋಟೀನುಗಳನ್ನು ಬಿಚ್ಚುವ ಡಿಟರ್ಜೆಂಟ್ ಆದ ಎಸ್‌ಡಿಎಸ್‌ಗೆ ಕೈ ಹಾಕಿ. ಪ್ರೋಟಿನೇಸ್ ಕೆ ಎಸ್‌ಡಿಎಸ್‌ನಲ್ಲೂ ಕೆಲಸ ಮಾಡುತ್ತದೆ, ಕಷ್ಟಪಟ್ಟು ಒಳಗೆ ಕಳಿಸಿದ್ದನ್ನೂ ಬಿಡುವುದಿಲ್ಲ. ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಹಾಳಾಗುತ್ತದೆ, ಅದನ್ನು ಮೊದಲೇ ನೀರಿಗೆ ಬೆರೆಸಿ ಇಡಬೇಡಿ.

ಇನ್ನು ವ್ಯಾಲಿನೋಮೈಸಿನ್ ಲೇನ್. ಈ ರಾಸಾಯನಿಕದಿಂದ ಒಳಪೊರೆಯ ವೋಲ್ಟೇಜ್ ಇಳಿಸಿದರೆ ಟಿಮ್23 ದಾರಿ ನಿಲ್ಲುತ್ತದೆ, ಪ್ರೋಟಿನೇಸ್ ಕೆ ಹಾಕಿದ ಮೇಲೆ ಅಲ್ಲಿ ಬ್ಯಾಂಡ್ ಕಾಣಬಾರದು. ಆದರೆ ಇದನ್ನು ಕಣ್ಣುಮುಚ್ಚಿ ಎಲ್ಲ ಪ್ರೋಟೀನಿಗೂ ಅನ್ವಯಿಸಬೇಡಿ. ಮಿಯಾ40 ಎಂಬ ಪ್ರೋಟೀನ್ ಹಿಡಿದುಕೊಳ್ಳುವ ಟಿಮ್9 ಥರದ ಸಣ್ಣ ಪ್ರೋಟೀನುಗಳು ಎರಡು ಪೊರೆಗಳ ನಡುವೆಯೇ ನಿಲ್ಲುತ್ತವೆ. ಅವಕ್ಕೆ ವೋಲ್ಟೇಜ್ ಬೇಡ, ಕತ್ತರಿಸುವ ಪ್ರೀಸೀಕ್ವೆನ್ಸೂ ಇಲ್ಲ. ಅಂಥವುಗಳ ಜೆಲ್‌ನಲ್ಲಿ ಬ್ಯಾಂಡ್ ಕೆಳಗಿಳಿಯದಿದ್ದರೂ, ವ್ಯಾಲಿನೋಮೈಸಿನ್ ಲೇನಿನಲ್ಲಿ ಬ್ಯಾಂಡ್ ಇದ್ದರೂ ಪ್ರಯೋಗ ಸರಿಯಾಗಿಯೇ ಆಗಿರಬಹುದು.